ಪಿಸ್ಟನ್ ಇಲ್ಲದ ಎಂಜಿನ್ ಬಿಚ್ಚಿದ ಮಳೆಗಾಲ

ಹೋದ ತಿಂಗಳು ನ್ಯಾಮತಿಯ ಒಂದು ರೈಸ್ ಮಿಲ್ಲಿಗೆ ಎಂಜಿನ್ ಹೆಡ್ ಕೊಟ್ಟು ವಾಪಸು ಬರುತ್ತಿದ್ದೆ. ಸೂರಗೊಂಡನಕೊಪ್ಪಕ್ಕೆ ತಿರುಗುವ ದಾರಿಯ ಹತ್ತಿರ ನಮ್ಮ ಗಾಡಿಯ ಮುಂದೆ ಒಂದು ಹಳೇ ಟೂ-ಸ್ಟ್ರೋಕ್ ಸ್ಕೂಟರು ನೀಲಿ ಹೊಗೆ ಉಗುಳುತ್ತಾ ಹೋಗುತ್ತಿತ್ತು. ಪೆಟ್ರೋಲಿನ ಜೊತೆ ಆಯಿಲ್ ಸುಟ್ಟ ವಾಸನೆ. ಡ್ರೈವರ್ ಮೂಗು ಸಿಂಡರಿಸಿ ಹಾರ್ನ್ ಒತ್ತಿದ.

"ಇರ್ಲಿ ಬಿಡಪ್ಪ, ಸ್ವಲ್ಪ ದೂರ ಅದರ ಹಿಂದೇನೇ ಹೋಗು" ಅಂದೆ.

ಅವನು ನನ್ನನ್ನು ವಿಚಿತ್ರವಾಗಿ ನೋಡಿದ. ಆ ವಾಸನೆ ಬಂದರೆ ನನಗೆ ಒಂದು ಇಡೀ ಮಳೆಗಾಲ ನೆನಪಾಗುತ್ತದೆ ಎಂದು ಅವನಿಗೆ ಹೇಗೆ ತಿಳಿಯಬೇಕು?

ನಮ್ಮದು ಹೊನ್ನಾಳಿಯಲ್ಲಿ ಎಂಜಿನ್ ರೀಬೋರಿಂಗ್ ಅಂಗಡಿ. ಹೊಳೆಯ ಸೇತುವೆ ಇಳಿದು ತುಸು ಮುಂದೆ ಬಂದರೆ ಸಿಗುತ್ತದೆ. ನಮ್ಮಪ್ಪ ಹಾಲೇಶಪ್ಪ ಕಟ್ಟಿದ ಅಂಗಡಿ. ಕೆರೆಬಿಳಚಿಯ ಟ್ರ್ಯಾಕ್ಟರಿನಿಂದ ಹಿಡಿದು ಹೊಳೆದಂಡೆಯ ಪಂಪ್‌ಸೆಟ್ಟಿನವರೆಗೆ ಸವೆದುಹೋದ ಎಂಜಿನ್ನುಗಳೆಲ್ಲ ಅಲ್ಲಿಗೆ ಬರುತ್ತವೆ. ನಾನು ಚನ್ನಗಿರಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದುಕೊಂಡು ಡಿಪ್ಲೊಮಾ ಮುಗಿಸಿ ಬಂದವಳು, ಬೇರೆ ಕೆಲಸ ಹುಡುಕುವ ಮನಸ್ಸಾಗದೆ ಅಪ್ಪನ ಜೊತೆಗೇ ನಿಂತುಬಿಟ್ಟೆ. ನಮ್ಮ ಕೆಲಸದಲ್ಲಿ ಬಿಚ್ಚುವುದು, ಜೋಡಿಸುವುದು ಕಷ್ಟವಲ್ಲ. ಬಿಚ್ಚಿದ ಮೇಲೆ ಯಾವ ಸಾಮಾನು ಬದಲಿಸಬೇಕು, ಯಾವುದನ್ನು ಹಾಗೇ ಇಟ್ಟುಕೊಳ್ಳಬೇಕು ಎಂದು ತೀರ್ಮಾನಿಸುವುದು ಕಷ್ಟ. ಅಪ್ಪ ಹೇಳುತ್ತಿದ್ದರು, "ಬದಲಿಸು ಅನ್ನಾಕೆ ಬಾಯಿ ಸಾಕು. ಇರ್ಲಿ ಅನ್ನಾಕೆ ಎದೆ ಬೇಕು."

ಆ ವರ್ಷದ ಬೇಸಿಗೆಯಲ್ಲಿ ಅಪ್ಪನ ಬಲಗೈ ನಡುಗಲು ಶುರುವಾಗಿತ್ತು. ಸ್ಪ್ಯಾನರ್ ಹಿಡಿದರೆ ಗೊತ್ತಾಗುತ್ತಿರಲಿಲ್ಲ. ಸಂದು ಅಳೆಯುವ ತೆಳ್ಳನೆಯ ಫೀಲರ್ ಗೇಜ್ ಹಿಡಿದರೆ ಸಾಕು, ಅದರ ಎಲೆಗಳು ಒಂದಕ್ಕೊಂದು ತಾಗಿ ಟಿಕಟಿಕ ಎನ್ನುತ್ತಿದ್ದವು. "ಯಾಕೋ ಕಣ್ಣು ಸರಿ ಕಾಣಲ್ಲ, ನೀನೇ ನೋಡವ್ವ" ಎಂದು ಸೂಕ್ಷ್ಮದ ಕೆಲಸವನ್ನೆಲ್ಲ ನನ್ನ ಕಡೆ ತಳ್ಳುತ್ತಿದ್ದರು. ತಪ್ಪು ಕಣ್ಣಿನದಲ್ಲ ಎಂದು ಅವರಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ಡಾಕ್ಟರ ಮಾತೆತ್ತಿದರೆ ಎದ್ದು ಹೋಗುತ್ತಿದ್ದರು. ಹೆಚ್ಚು ಹೊತ್ತು ಗ್ರೈಂಡಿಂಗ್ ಮಷಿನ್ನಿನ ಮುಂದೆಯೇ ಇರುತ್ತಿದ್ದರು. ಅಲ್ಲಿ ಕೆಲಸವನ್ನು ಮಷಿನ್ನೇ ಹಿಡಿದಿರುತ್ತದೆ, ಮನುಷ್ಯ ಚಕ್ರ ತಿರುಗಿಸಿದರೆ ಸಾಕು.

ಮುಂಗಾರು ಹಿಡಿದ ಹೊಸತರಲ್ಲಿ ಒಂದು ಬೆಳಿಗ್ಗೆ ಜಗಳೂರಿನ ರತ್ನಕ್ಕ ಬಂದರು. ಲಾರಿಯ ಮೇಲೆ ಟಾರ್ಪಾಲು ಹೊದಿಸಿದ ಒಂದು ಕೆಂಪು ಕಾರು. ರತ್ನಕ್ಕ ಜಗಳೂರಿನಲ್ಲಿ ಡ್ರೈವಿಂಗ್ ಸ್ಕೂಲ್ ನಡೆಸುವವರು. ಆ ತಾಲೂಕಿನಲ್ಲಿ ಸ್ಟೇರಿಂಗ್ ಹಿಡಿಯುವ ಹೆಂಗಸರಲ್ಲಿ ಮುಕ್ಕಾಲು ಪಾಲು ಅವರ ಶಿಷ್ಯೆಯರೇ. ಹಿಂದೊಮ್ಮೆ ಅವರ ಅಣ್ಣನ ಟ್ರ್ಯಾಕ್ಟರ್ ಎಂಜಿನ್ನನ್ನು ಅಪ್ಪ ಉಳಿಸಿಕೊಟ್ಟಿದ್ದರು. ಆ ಅಣ್ಣ ಕುರಿ ವ್ಯಾಪಾರಕ್ಕೆ ಮುಂಬೈಗೆ ಹೋದಾಗ ಜೊತೆಗೆ ಹೋದ ರತ್ನಕ್ಕ ಯಾರದೋ ಶೆಡ್ಡಿನಲ್ಲಿ ಈ ಜಪಾನಿ ಕಾರನ್ನು ಕಂಡು, ಮರುಳಾಗಿ, ಕೊಂಡು ತಂದುಬಿಟ್ಟಿದ್ದರು. ಒಂದಷ್ಟು ದಿನ ಓಡಿ ಅದು ನಿಂತಿತ್ತು.

"ಎಲ್ಲಾ ಕಡೆ ತೋರ್ಸಿದೆ ಹಾಲೇಶಣ್ಣ. ಈ ಎಂಜಿನ್ ತೆಗೆದು ಬಿಸಾಕಿ ಬೇರೆ ಕೂರಿಸ್ರಿ ಅಂತಾರೆ. ಅದನ್ನ ತೆಗೆದ ಮೇಲೆ ಇದು ಇದೇ ಕಾರು ಹೆಂಗಾಗ್ತೈತೆ ಹೇಳ್ರಿ?"

"ಏನಾಗೈತೆ ಅದಕ್ಕೆ?" ಅಪ್ಪ ಬಾನೆಟ್ ಎತ್ತಿ ಇಣುಕಿದರು.

"ಉಸಿರಿಲ್ಲ. ಸೆಲ್ಫ್ ಹೊಡೆದ್ರೆ ತಿರುಗ್ತೈತೆ, ಹಿಡಿಯಲ್ಲ. ಮತ್ತೆ ಇದರಾಗೆ ಪಿಸ್ಟನ್ನೇ ಇಲ್ವಂತೆ."

ಅಪ್ಪ ತಲೆ ಎತ್ತಿ ನನ್ನನ್ನು ನೋಡಿದರು. ನಾನು ಡಿಪ್ಲೊಮಾದಲ್ಲಿ ಒಂದು ಪುಟ ಓದಿದ್ದೆ. ರೋಟರಿ ಎಂಜಿನ್. ಪರೀಕ್ಷೆಗೆ ಬರುವುದಿಲ್ಲ ಎಂದು ಮೇಷ್ಟ್ರು ಆ ಪುಟ ಬಿಟ್ಟು ಮುಂದೆ ಹೋಗಿದ್ದರು.

ರತ್ನಕ್ಕನ ಆಸೆ ಇಷ್ಟೇ. ಮೆಕ್ಕೆಜೋಳದ ಕೊಯ್ಲು ಮುಗಿದ ಮೇಲೆ ಜಗಳೂರಿನ ಹೊರಗೆ ಖಾಲಿ ಹೊಲದಲ್ಲಿ ಸುತ್ತಲಿನವರು ಸೇರಿ ಮಣ್ಣಿನ ಮೇಲೆ ಕಾರು ರೇಸ್ ಇಡುತ್ತಿದ್ದರು. ಅದರಲ್ಲಿ ಈ ಕಾರು ಓಡಿಸಬೇಕು. "ಗೆದ್ರೆ ಸಂತೋಷ, ಗೆಲ್ಲದಿದ್ರೂ ಚಿಂತೆಯಿಲ್ಲ. ಆದ್ರೆ ನನ್ನ ಹುಡುಗೀರೆಲ್ಲ ನೋಡಾಕೆ ಬರ್ತಾರ್ರೀ. ಅವರೆದುರಿಗೆ ಹಗ್ಗ ಕಟ್ಟಿ ಎಳೆಸ್ಕೊಂಡು ಬರಂಗಾಗಬಾರದು. ಕುಂಟಿಕೊಂಡಾದ್ರೂ ಮನೆ ಮುಟ್ಟಬೇಕು."

ಬೇಡವೆನ್ನುತ್ತಾರೆ ಎಂದುಕೊಂಡೆ. ಅಪ್ಪ ಕೆನ್ನೆ ಕೆರೆದುಕೊಂಡು, "ಬಿಚ್ಚಿ ನೋಡಾಣ" ಅಂದರು.

ಮಳೆ ಜೋರಾಯಿತು. ಹೊಳೆ ಕೆಂಪಾಗಿ ಏರಿತು, ಕರೆಂಟು ಬರುವುದು ಹೋಗುವುದು ಅದರ ಇಷ್ಟಕ್ಕೆ ಬಿಟ್ಟದ್ದಾಯಿತು. ಕೆಸರಿನಲ್ಲಿ ಟ್ರ್ಯಾಕ್ಟರುಗಳಿಗೆ ಹೊಲದಲ್ಲೇ ಕೆಲಸವಾದ್ದರಿಂದ ಅಂಗಡಿಗೆ ಗಿರಾಕಿ ಕಡಿಮೆ. ನಾವಿಬ್ಬರೂ ಆ ಎಂಜಿನ್ನಿನ ಸುತ್ತ ಕೂತೆವು. ಫೋನಿನಲ್ಲಿ ಯಾರೋ ವಿದೇಶದವನು ಇಂಥದ್ದೇ ಎಂಜಿನ್ ಬಿಚ್ಚುವ ವಿಡಿಯೊ ಸಿಕ್ಕಿತು. ಅವನ ಇಂಗ್ಲಿಷು ಅಪ್ಪನಿಗೆ ಅರ್ಥವಾಗದು. ನನಗೂ ಪೂರ್ತಿ ಹತ್ತಲಿಲ್ಲ. ಅಪ್ಪ ಶಬ್ದ ಬಂದ್ ಮಾಡಿಸಿ ಬರೀ ಕೈಗಳನ್ನು ನೋಡುತ್ತಿದ್ದರು. "ಒಳ್ಳೇ ಕೈ ಐತೆ ಕಣವ್ವ ಇವನ್ದು. ಒಂದು ಬೋಲ್ಟನ್ನೂ ಅವಸರ ಮಾಡಲ್ಲ ನೋಡು."

ಎಂಜಿನ್ ಒಂದರ ಮೇಲೊಂದು ಜೋಡಿಸಿಟ್ಟ ದೋಸೆಗಳ ಹಾಗಿತ್ತು. ಒಂದು ಬೀಡುಕಬ್ಬಿಣದ ಪ್ಲೇಟು, ಅದರ ಮೇಲೆ ಹೌಸಿಂಗ್ ಎನ್ನುವ ಟೊಳ್ಳು ಚೌಕಟ್ಟು, ಮತ್ತೆ ಪ್ಲೇಟು, ಮತ್ತೆ ಹೌಸಿಂಗ್, ಕೊನೆಗೆ ಇನ್ನೊಂದು ಪ್ಲೇಟು. ಉದ್ದನೆಯ ಬೋಲ್ಟುಗಳು ಈ ಕಡೆಯಿಂದ ಆ ಕಡೆಗೆ ಎಲ್ಲವನ್ನೂ ಹಿಡಿದಿದ್ದವು. ಕೆಲಸ ಎಲ್ಲಿಗೆ ಬಂತೆಂದು ನೋಡಲು ಬಂದಿದ್ದ ರತ್ನಕ್ಕ ಹೌಸಿಂಗಿನ ಒಳಗೋಡೆಯ ಆಕಾರ ನೋಡಿ ನಕ್ಕುಬಿಟ್ಟರು. "ಎರಡು ಕಾಳಿನ ಶೇಂಗಾ ಕಾಯಿ ಇದ್ದಂಗೈತಲ್ರೀ! ಒಳಗಿರೋದು ಸಮೋಸ!"

ಸಮೋಸ ಎಂದದ್ದು ಹೌಸಿಂಗಿಗೊಂದರಂತೆ ಇದ್ದ ರೋಟರನ್ನು. ಬದಿ ಉಬ್ಬಿದ ಮೂರು ಮೂಲೆಯ ಕಬ್ಬಿಣದ ಗಟ್ಟಿ. ಅದು ಶೇಂಗಾ ಕಾಯಿಯೊಳಗೆ ತಿರುಗುತ್ತಾ ಹೋದಂತೆ ಸುತ್ತ ಮೂರು ಕೋಣೆಗಳಾಗುತ್ತವೆ, ಅವುಗಳಲ್ಲಿ ಪೆಟ್ರೋಲ್ ಉರಿಯುತ್ತದೆ. ಕೋಣೆಯಿಂದ ಕೋಣೆಗೆ ಉಸಿರು ಸೋರದಂತೆ ಮೂರು ತುದಿಗಳಲ್ಲೂ ಒಂದೊಂದು ತೆಳ್ಳನೆಯ ಲೋಹದ ಪಟ್ಟಿ, ಅದೇ ಸೀಲು. ಅಡಿಯಲ್ಲಿ ಕುಳಿತ ಸ್ಪ್ರಿಂಗ್ ಅದನ್ನು ಗೋಡೆಗೆ ಒತ್ತುತ್ತಿರುತ್ತದೆ. ರೋಟರಿನ ಎರಡು ಪಕ್ಕಗಳಲ್ಲೂ ಬಾಗಿದ ಸಣ್ಣ ಪಟ್ಟಿಗಳಿರುತ್ತವೆ. ಈ ಪಟ್ಟಿಗಳಿಗೆ ಜಿಡ್ಡು ಬೇಕೆಂದೇ ಎಂಜಿನ್ನು ಪೆಟ್ರೋಲಿನ ಜೊತೆ ಚೂರು ಆಯಿಲನ್ನೂ ಸುಡುತ್ತದೆ.

ಅಮ್ಮನ ಅಡುಗೆಮನೆಯಿಂದ ಊಟದ ತಟ್ಟೆಗಳನ್ನು ಕೇಳದೆ ತಂದು ಬೆಂಚಿನ ಮೇಲಿಟ್ಟೆ. ಒಂದರಲ್ಲಿ ಎಸೆಯುವ ಸಾಮಾನು, ಒಂದರಲ್ಲಿ ಉಳಿಸಿಕೊಳ್ಳುವುದು, ಇನ್ನೊಂದರಲ್ಲಿ ತೀರ್ಮಾನವಾಗದ್ದು. ಎಸೆಯುವ ತಟ್ಟೆ ಬೇಗ ತುಂಬಿತು. ಕಾದು ಗಟ್ಟಿಯಾದ ರಬ್ಬರುಗಳು, ಸೋತ ಸ್ಪ್ರಿಂಗುಗಳು, ಸವೆದು ಅರ್ಧವಾದ ತುದಿಯ ಸೀಲುಗಳು. ಅವುಗಳ ಬಗ್ಗೆ ಮಾತೇ ಇರಲಿಲ್ಲ. ಪಕ್ಕದ ಬಾಗಿದ ಪಟ್ಟಿಗಳು ಅಳತೆಯಲ್ಲಿ ಸರಿಯಾಗಿದ್ದವು, ಉಳಿಸಿಕೊಂಡೆವು. ಜಗಳವೆಲ್ಲ ಮೂರನೆಯ ತಟ್ಟೆಯದು. ತಟ್ಟೆಯಲ್ಲಿ ಹಿಡಿಸದ ದೊಡ್ಡ ಸಾಮಾನುಗಳು ಗೋಣಿಚೀಲದ ಮೇಲಿದ್ದವು.

ಮೊದಲು ಹೌಸಿಂಗುಗಳು. ಎರಡೂ ಹಾಳಾಗಿದ್ದವು. ಮುಂಬೈಯಲ್ಲಿ ಒಬ್ಬರ ಹತ್ತಿರ ಒಂದು ಒಳ್ಳೆಯ ಹೌಸಿಂಗ್ ಇತ್ತು. ಇನ್ನೊಂದು ಬೇಕೆಂದರೆ ಹೊರದೇಶದಿಂದ ಬರಬೇಕು, ಬರುವ ಹೊತ್ತಿಗೆ ರೇಸು ಮುಗಿದಿರುತ್ತದೆ. ಹಾಗಾಗಿ ಎರಡರಲ್ಲಿ ಒಂದನ್ನು ಇಟ್ಟುಕೊಳ್ಳಲೇಬೇಕು. ಮುಂದಿನ ಹೌಸಿಂಗ್ ನೋಡಲು ಅಸಹ್ಯವಾಗಿತ್ತು. ಅಂಚಿನ ಉದ್ದಕ್ಕೂ ಹೊಳಪಿನ ಲೇಪ ಸುಲಿದು ಕಜ್ಜಿ ಹತ್ತಿದ ಹಾಗಿತ್ತು. ಹಿಂದಿನದು ಕನ್ನಡಿಯಂತೆ ಹೊಳೆಯುತ್ತಿತ್ತು. ಮುಂದಿನದನ್ನು ಎಸೆಯುವುದು ಎಂದು ನಾವಿಬ್ಬರೂ ಮೊದಲು ಒಪ್ಪಿದ್ದೆವು. ಆದರೂ ಮನಸ್ಸು ತಡೆಯದೆ ಅಪ್ಪ, "ಟಾರ್ಚ್ ತಾ" ಎಂದರು. ಮೊದಲೇ ತರಿಸಿಟ್ಟಿದ್ದ ಹೊಸ ಸೀಲೊಂದನ್ನು ಗೋಡೆಗೆ ಅಡ್ಡಲಾಗಿ ಹಿಡಿದೆ. ಅವರು ಹಿಂದಿನಿಂದ ಬೆಳಕು ಬಿಟ್ಟರು. ಕಜ್ಜಿಯ ಹೌಸಿಂಗಿನಲ್ಲಿ ಅಂಚು ಬಿಟ್ಟರೆ ಎಲ್ಲೂ ಬೆಳಕು ದಾಟಲಿಲ್ಲ. ಹೊಳೆಯುವ ಹೌಸಿಂಗಿನಲ್ಲಿ, ಸ್ಪಾರ್ಕ್ ಪ್ಲಗ್ಗಿನ ತೂತುಗಳ ಹತ್ತಿರ, ಸೀಲಿನ ಅಡಿಯಿಂದ ಬೆಳ್ಳನೆಯ ಗೆರೆಯೊಂದು ಮೂಡಿತು.

"ಓಹೋ, ಇವನೇ ಏನು ಕಳ್ಳ" ಅಂದರು ಅಪ್ಪ. ಹೊಳೆಯುವುದನ್ನು ಎಸೆದು ಕಜ್ಜಿಯದನ್ನು ಇಟ್ಟುಕೊಂಡೆವು.

ಮುಂದಿನ ಬೀಡಿನ ಪ್ಲೇಟಿನ ವಿಷಯ ಅಷ್ಟು ಸುಲಭವಾಗಿ ಬಗೆಹರಿಯಲಿಲ್ಲ. ಪಟ್ಟಿಗಳು ಉಜ್ಜಿ ಉಜ್ಜಿ ಅದರ ಮೇಲೆ ಸಣ್ಣ ಮೆಟ್ಟಿಲೊಂದು ಬಿದ್ದಿತ್ತು. ಉಗುರು ಎಳೆದರೆ ತಡೆಯುತ್ತಿತ್ತು. ಅಪ್ಪನಿಗೆ ಅನುಮಾನವೇ ಇರಲಿಲ್ಲ. ಗ್ರೈಂಡಿಂಗ್ ಮಷಿನ್ ಒರೆಸಿ, ಕಲ್ಲು ಬದಲಿಸಿ, ಆಗಲೇ ಸಿದ್ಧ ಮಾಡಿದ್ದರು.

"ಒಂದು ಕೈ ಹೊಡೆದ್ರೆ ಕನ್ನಡಿ ಆಗ್ತೈತೆ."

"ಬೇಡಪ್ಪ. ಇದರ ಮೇಲ್ಮೈ ಮಾತ್ರ ಗಟ್ಟಿ ಮಾಡಿರ್ತಾರೆ. ಆ ಪದರ ತೆಗೆದ್ರೆ ಒಳಗೆ ಮೆತ್ತನೆ ಬೀಡು, ಬೇಗ ಸವೀತದೆ. ಡಯಲ್ ಗೇಜಿನಲ್ಲಿ ನೋಡಿದೆ, ಮೆಟ್ಟಿಲು ಮಿತಿಯೊಳಗೇ ಐತೆ. ಹಂಗೇ ಬಿಡೋಣ."

"ಹಂಗೇ ಬಿಡಾದು ಅಂದ್ರೆ? ಉಗುರಿಗೆ ತಡೀತೈತೆ, ಮುಟ್ಟದಂಗೆ ಬಿಡು ಅಂತೀಯಲ್ಲ! ಇಷ್ಟು ವರ್ಷ ನಾನು ಹೊಡೆದ ಹೆಡ್ಡುಗಳಾಗೆ ಒಂದಾದ್ರೂ ವಾಪಸು ಬಂದೈತಾ?"

ಆ ದನಿ ಕೇಳಿ ನನಗೆ ಕಸಿವಿಸಿಯಾಯಿತು. ಈ ಎಂಜಿನ್ನಿನಲ್ಲಿ ಅವರು ತಮ್ಮ ಕೈಯಾರೆ ಮಾಡಬಹುದಾಗಿದ್ದ ಕೆಲಸ ಅದೊಂದೇ. ಸೀಲು ಕೂರಿಸುವುದು, ಸಂದು ಅಳೆಯುವುದು, ಸ್ಪ್ರಿಂಗು ಇಡುವುದು ಎಲ್ಲ ನನ್ನ ಪಾಲಾಗಿತ್ತು. ಗ್ರೈಂಡಿಂಗ್ ಬೇಡ ಎಂದರೆ ನೀವೇ ಬೇಡ ಎಂದ ಹಾಗೆ. ಹೂಂ ಎಂದುಬಿಡೋಣ, ಒಂದು ಕೈ ಹೊಡೆಯಲಿ ಎಂದು ಒಂದು ಗಳಿಗೆ ಅನಿಸಿತು. ಆದರೆ ಸುಳ್ಳು ಕೆಲಸ ಮಾಡಿಸಿ ಅವರನ್ನು ಸಮಾಧಾನಪಡಿಸುವುದು ಅವರಿಗೇ ಅವಮಾನ. ಲೋಹ ಉಜ್ಜುವ ಅರವನ್ನು ತಂದು ಅವರ ಮುಂದಿಟ್ಟೆ. "ಎಸೆಯೋ ಹಿಂದಿನ ಪ್ಲೇಟಿನ ಮೇಲೆ ನೀವೇ ಉಜ್ಜಿ ನೋಡ್ರಿ." ಆ ಪ್ಲೇಟು ಬಿರುಕು ಬಿಟ್ಟಿದ್ದರಿಂದ ಅದಕ್ಕೆ ಬದಲಿ ಹೇಳಿಯಾಗಿತ್ತು.

ಅಪ್ಪ ಉಜ್ಜಿದರು. ಅರ ಗಾಜಿನ ಮೇಲೆ ಜಾರಿದ ಹಾಗೆ ಜಾರಿತು. ಕಲ್ಲಿಗೆ ಕೊಟ್ಟು ಅಂಚಿನಲ್ಲಿ ಒಂದಿಷ್ಟು ಸುಲಿದು, ಅದೇ ಜಾಗದಲ್ಲಿ ಮತ್ತೆ ಉಜ್ಜಿದರು. ಈ ಸಲ ಅರ ಕಚ್ಚಿತು, ಕಪ್ಪು ಪುಡಿ ಉದುರಿತು. ಆ ಪುಡಿಯನ್ನು ಬೆರಳಲ್ಲಿ ತಿಕ್ಕಿ ನೋಡಿದರು.

"ಹೌದವ್ವ. ಚರ್ಮ ಗಟ್ಟಿ, ಒಳಗೆ ಮೆತ್ತಗೆ" ಎಂದು ಮಷಿನ್ನಿನ ಸ್ವಿಚ್ ಆರಿಸಿದರು. ಅದರ ಮೇಲೆ ಗೋಣಿಚೀಲ ಹೊದಿಸಿ ಮನೆಗೆ ಹೋದರು. ಮುಂದಿನ ಕೆಲವು ದಿನ ಅಂಗಡಿಯ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಮಳೆ ನೋಡುತ್ತಾ ಕೂರುತ್ತಿದ್ದರು. ನಾನು ಸರಿ ಎಂದು ನನಗೆ ಗೊತ್ತಿತ್ತು. ಆದರೂ ಊಟ ಸೇರುತ್ತಿರಲಿಲ್ಲ.

ಉಳಿದ ಹೊಸ ಸಾಮಾನುಗಳೂ ಬಂದವು. ಮಳೆ ತಗ್ಗಿ ಬಿಸಿಲು ಬೀಳುವ ಹೊತ್ತಿಗೆ ಎಂಜಿನ್ ಜೋಡಿಸಿ ಮುಗಿಸಿದೆ. ಕಾರಿಗೆ ಕೂರಿಸುವ ಮೊದಲು ಉಸಿರು ಪರೀಕ್ಷೆ. ಒಂದೊಂದು ರೋಟರಿನ ಪ್ಲಗ್ ತೆಗೆದು ಬ್ಯಾಟರಿ ಕೊಟ್ಟು ತಿರುಗಿಸಿದರೆ ಆ ತೂತಿನಿಂದ ಮೂರು ಕೋಣೆಗಳ ಉಸಿರು ಸಾಲಾಗಿ ಬರಬೇಕು, ಫುಸ್ ಫುಸ್ ಫುಸ್ ಎಂದು. ಹಿಂದಿನ ರೋಟರ್ ಚೆನ್ನಾಗಿ ಉಸಿರಾಡಿತು. ಮುಂದಿನದಕ್ಕೆ ಹಚ್ಚಿದೆ. ಅದೂ ಸರಿ ಎಂದುಕೊಂಡು ಬ್ಯಾಟರಿ ತೆಗೆಯಲು ಹೊರಟಾಗ ಬಾಗಿಲಿನಿಂದ ಅಪ್ಪನ ದನಿ ಬಂತು.

"ಇನ್ನೊಂದು ಸಲ ಹೊಡಿ."

ಹೊಡೆದೆ. ಅವರು ಕಣ್ಣು ಮುಚ್ಚಿಕೊಂಡಿದ್ದರು. "ಎರಡು ಗಟ್ಟಿ, ಒಂದು ಮೆತ್ತಗೆ."

"ಹೊಸ ಸೀಲಪ್ಪ, ಓಡ್ತಾ ಓಡ್ತಾ ಕೂತ್ಕೊಳ್ತದೆ."

"ಮೂರೂ ಹೊಸಾವಲ್ಲವ್ವ? ಒಂದೇ ಯಾಕೆ ಮೆತ್ತಗೆ?"

ಮುಂದಿನದೆಂದರೆ ಕಜ್ಜಿಯ ಹೌಸಿಂಗ್. ಅದನ್ನು ಇಟ್ಟುಕೊಂಡಿದ್ದೇ ತಪ್ಪಾಯಿತೇ ಎಂದುಕೊಂಡು ಬ್ಯಾಟರಿಯ ತಂತಿ ಕೆಳಗಿಟ್ಟೆ. ಆಮೇಲೆ ಅವರ ಪಕ್ಕ ಕುಳಿತು ಯೋಚಿಸಿದೆ. ಗೋಡೆ ಕೆಟ್ಟಿದ್ದರೆ ಮೂರು ಕೋಣೆಗೂ ಅದೇ ಗೋಡೆ, ಮೂರೂ ಮೆತ್ತಗಿರಬೇಕಿತ್ತು. ತುದಿಯ ಸೀಲು ಕೆಟ್ಟಿದ್ದರೆ ಅದು ಎರಡು ಕೋಣೆಗಳ ನಡುವಿನ ಬಾಗಿಲು, ಎರಡು ಮೆತ್ತಗಿರಬೇಕಿತ್ತು. ಒಂದೇ ಒಂದು ಸೋರುತ್ತಿದೆ ಎಂದರೆ ಆ ಕೋಣೆಯ ಪಕ್ಕದ ಬಾಗಿದ ಪಟ್ಟಿಯದೇ ಕೆಲಸ. ಹೇಳಿದೆ. ಅಪ್ಪ ಬಹಳ ದಿನಗಳ ನಂತರ ನಕ್ಕರು. "ಕಿವಿ ನಂದು, ಬುದ್ಧಿ ನಿಂದು. ಬಿಚ್ಚು."

ಮತ್ತೆ ಬಿಚ್ಚಿದೆವು. ಪಟ್ಟಿ ಚೆನ್ನಾಗಿಯೇ ಇತ್ತು. ಅದು ಕೂರುವ ಸಣ್ಣ ತೋಡಿನ ತಳದಲ್ಲಿ ಹಳೆಯ ಕಿಟ್ಟ ಉಳಿದು ಸ್ಪ್ರಿಂಗ್ ಅದನ್ನು ಮೇಲೆ ತಳ್ಳಲಾಗದೆ ಸಿಕ್ಕಿಕೊಂಡಿತ್ತು. ಅಪ್ಪ ರೋಟರನ್ನು ತೊಡೆಯ ಮೇಲಿಟ್ಟುಕೊಂಡು, ಎರಡೂ ಮೊಣಕೈಗಳಲ್ಲಿ ತಬ್ಬಿ, ಹೊಟ್ಟೆಗೆ ಒತ್ತಿ ಅಲುಗದಂತೆ ಹಿಡಿದರು, ಎಣ್ಣೆ ಸ್ನಾನಕ್ಕೆ ಮಗುವನ್ನು ಹಿಡಿದ ಹಾಗೆ. ನಾನು ಹ್ಯಾಕ್ಸಾ ಬ್ಲೇಡಿನ ತುಂಡಿನಿಂದ ಕಿಟ್ಟ ಕೆರೆದೆ.

"ನೋಡವ್ವ, ಬದಲಿಸಬೇಕಾ ಇಟ್ಕೋಬೇಕಾ ಅಂತ ಮಳೆಗಾಲ ಪೂರ್ತಿ ಕಿತ್ತಾಡಿದ್ವಿ. ಕೊನೆಗೆ ನೋಡಿದ್ರೆ ತೊಳೀಬೇಕಿತ್ತು!"

ನಗು ತಡೆಯಲಾಗದೆ ಬ್ಲೇಡು ಕೈಬಿಟ್ಟೆ. ಊಟಕ್ಕೆ ಕರೆಯಲು ಬಂದ ಅಮ್ಮ ನಮ್ಮಿಬ್ಬರನ್ನೂ ನೋಡಿ, "ನನ್ನ ತಟ್ಟೆ ಯಾವಾಗ ತೊಳೀತೀರಿ?" ಅಂದಳು.

ಎಂಜಿನ್ ಕಾರಿಗೇರಿತು. ಶುರು ಮಾಡಲು ರತ್ನಕ್ಕನೇ ಬಂದರು. ಮೊದಲ ಸಲ ಕೆಮ್ಮಿತು, ಎರಡನೆಯ ಸಲ ಸೀನಿತು, ಆಮೇಲೆ ಹಿಡಿಯಿತು. ಜೋಡಿಸುವಾಗ ಸುರಿದ ಆಯಿಲೆಲ್ಲ ಉರಿದು ನೀಲಿ ಹೊಗೆ ಅಂಗಡಿ ತುಂಬಿ ರಸ್ತೆಗೆ ಹರಿಯಿತು. ಎದುರಿನ ಹೋಟೆಲಿನವರು ಬೆಂಕಿ ಬಿತ್ತೆಂದು ಕೊಡ ಹಿಡಿದು ಓಡಿ ಬಂದರು. ರತ್ನಕ್ಕ ಸ್ಟೇರಿಂಗ್ ಹಿಡಿದುಕೊಂಡೇ ಅಳುತ್ತಿದ್ದರು. "ಹೊಗೆ ರೀ, ಹೊಗೆ" ಎಂದು ಕಣ್ಣೊರೆಸಿಕೊಂಡರು.

ಅಪ್ಪನಿಗೆ ಒಂದು ಅಭ್ಯಾಸ. ಯಾವ ಎಂಜಿನ್ ಆದರೂ ಮೊದಲು ಶುರುವಾದಾಗ ಅದರ ಮೇಲೆ ಅಂಗೈ ಇಟ್ಟು ನಿಲ್ಲುತ್ತಾರೆ. ಡೀಸೆಲ್ ಎಂಜಿನ್ನು ಗಡಗಡ ಅದುರುತ್ತದೆ, ಆ ಅದುರಿನಲ್ಲಿ ಅವರಿಗೆ ಏನೋ ತಿಳಿಯುತ್ತದೆ. ಹೊಗೆ ತಿಳಿಯಾದ ಮೇಲೆ ಇದರ ಮೇಲೂ ಕೈ ಇಟ್ಟರು. ಮೇಲೆ ಕೆಳಗೆ ಹೊಡೆಯುವ ಪಿಸ್ಟನ್ ಇಲ್ಲದ ಎಂಜಿನ್ನು. ಬುಗುರಿ ನಿದ್ದೆ ಹೋದ ಹಾಗೆ ತಿರುಗುತ್ತಿತ್ತು, ಅದುರೇ ಇಲ್ಲ. ಅದರ ಮೇಲಿಟ್ಟ ಕೈ ಮಾತ್ರ ಎಲ್ಲರ ಎದುರಿಗೆ ಟಪಟಪ ನಡುಗುತ್ತಿತ್ತು. ರತ್ನಕ್ಕ ನೋಡಿದರು. ಕೊಡ ಹಿಡಿದ ಹೋಟೆಲಿನವರು ನೋಡಿದರು. ಈಗ ಕೈ ಹಿಂದೆಳೆದು ಹೊರಗೆ ನಡೆದುಬಿಡುತ್ತಾರೆ ಎಂದುಕೊಂಡೆ.

ಅಪ್ಪ ಕೈ ತೆಗೆಯಲಿಲ್ಲ. ಬೇರೆ ಯಾರದೋ ಕೈಯನ್ನು ನೋಡುವ ಹಾಗೆ ಒಂದಿಷ್ಟು ಹೊತ್ತು ನೋಡಿದರು. ಆಮೇಲೆ ನಕ್ಕರು.

"ಎಂಜಿನ್ ಸರಿ ಐತೆ ಕಣವ್ವ. ನಡುಗ್ತಿರೋನು ನಾನೇ."

ಮರುವಾರ ನಾವು ದಾವಣಗೆರೆಗೆ ಹೋಗಿ ಡಾಕ್ಟರಿಗೆ ತೋರಿಸಿದೆವು. ಪೂರ್ತಿ ಹೋಗುವ ಕಾಯಿಲೆಯಲ್ಲ, ಆದರೆ ಮಾತ್ರೆಯಲ್ಲಿ ಹಿಡಿತಕ್ಕೆ ಬರುತ್ತದೆ, ಇನ್ನೂ ಬಹಳ ಕಾಲ ಕೆಲಸ ಮಾಡಬಹುದು ಎಂದರು ಅವರು. "ಹಂಗಾದ್ರೆ ಬದಲಿಸೋದೇನೂ ಬೇಡ ಅಲ್ವಾ?" ಎಂದು ಅಪ್ಪ ಕೇಳಿದ್ದು ಡಾಕ್ಟರಿಗೆ ಅರ್ಥವಾಗಲಿಲ್ಲ.

ರೇಸಿನ ದಿನ ಜಗಳೂರಿನಲ್ಲಿ ಸುಡುಬಿಸಿಲು. ಕೊಯ್ದ ಮೆಕ್ಕೆಜೋಳದ ಕೂಳೆ ಸವರಿ ಮಾಡಿದ ಟ್ರ್ಯಾಕು, ಸುತ್ತ ಟ್ರ್ಯಾಕ್ಟರುಗಳ ಮೇಲೆಲ್ಲ ಜನ. ರತ್ನಕ್ಕನ ಶಿಷ್ಯೆಯರು ಒಂದು ಕಡೆ ಗುಂಪಾಗಿ ನಿಂತಿದ್ದರು, ಕಾಲೇಜು ಹುಡುಗಿಯರು, ಅಂಗನವಾಡಿ ಟೀಚರುಗಳು, ಸೊಸೆಯ ಜೊತೆ ಡ್ರೈವಿಂಗ್ ಕಲಿತ ಒಬ್ಬ ಅತ್ತೆ. ಕಾರುಗಳು ಹೊರಟಾಗ ಮಿಕ್ಕವೆಲ್ಲ ಗುಡುಗುಡು ಎಂದರೆ ನಮ್ಮದು ಕೀರಲು ದನಿಯಲ್ಲಿ ಕೂಗುತ್ತಾ ಹೋಯಿತು. "ಮಿಕ್ಸಿ ಬಂತು, ಮಿಕ್ಸಿ ಬಂತು!" ಎಂದು ಜನ ನಗತೊಡಗಿದರು. ಮೂರನೆಯ ಸುತ್ತಿಗೆ ಆ ಮಿಕ್ಸಿ ಇಬ್ಬರನ್ನು ಹಿಂದೆ ಹಾಕಿದಾಗ ನಗು ಕೇಕೆಯಾಯಿತು. ಅಪ್ಪ ಮಾತ್ರ ಟ್ರ್ಯಾಕಿನ ಕಡೆ ನೋಡದೆ, ತಲೆ ತಗ್ಗಿಸಿ ಶಬ್ದವನ್ನಷ್ಟೇ ಕೇಳುತ್ತಿದ್ದರು.

ರತ್ನಕ್ಕ ನಾಲ್ಕನೆಯವರಾಗಿ ಬಂದರು. ಮೊದಲು ಬಂದವನು ಖುಷಿಯಲ್ಲಿ ಇನ್ನೊಂದು ಸುತ್ತು ಹೊಡೆಯಲು ಹೋಗಿ ಹೊಲದ ಬದಿಯ ಮೆತ್ತನೆ ಮಣ್ಣಿನಲ್ಲಿ ಹೂತುಕೊಂಡ. ಅವನನ್ನು ಎಳೆದು ತಂದದ್ದು ರತ್ನಕ್ಕನ ಅಣ್ಣನ ಟ್ರ್ಯಾಕ್ಟರು. ಹುಡುಗಿಯರು ನಮ್ಮ ಕಾರನ್ನು ಸುತ್ತುವರಿದರು. ರತ್ನಕ್ಕ ಬಾನೆಟ್ ಎತ್ತಿ, "ಎಲ್ಲಾ ಹೊಸದಲ್ಲಮ್ಮಾ ಇದು, ಅರ್ಧ ಹಳೇದು" ಎಂದು ತಾವೇ ಜೋಡಿಸಿದ ಹಾಗೆ ಎಲ್ಲರಿಗೂ ತೋರಿಸಿದರು.

ಹೊಲದ ಅಂಚಿಗೆ ಒಬ್ಬ ಹೆಂಗಸು ಚಹಾದ ಗಾಡಿ ಹಾಕಿದ್ದಳು. ಬೇಸಿಗೆಯಿಂದ ಈಚೆಗೆ ಅಪ್ಪ ಹೊರಗೆಲ್ಲೂ ಚಹಾ ಕುಡಿದಿರಲಿಲ್ಲ. ಯಾರಾದರೂ ಕೊಟ್ಟರೆ ಆಗಲೇ ಆಯಿತು ಎಂದು ಜಾರಿಕೊಳ್ಳುತ್ತಿದ್ದರು. ಅವತ್ತು ತಾವೇ ಗಾಡಿಯ ಮುಂದೆ ನಿಂತು, ಸುತ್ತ ಇದ್ದವರಿಗೆಲ್ಲ ಕೇಳುವ ಹಾಗೆ, "ನನಗೆ ಅರ್ಧ ಲೋಟ ಹಾಕವ್ವ, ಕೈ ನಡುಗ್ತೈತೆ, ಚೆಲ್ತೀನಿ" ಅಂದರು.

"ಅದಕ್ಕೇನಂತೆ ಯಜಮಾನ್ರೇ, ಅರ್ಧ ಅರ್ಧ ಎರಡು ಸಲ ಕುಡೀರಿ" ಅಂದಳು ಅವಳು.

ಅಪ್ಪ ಮೂರು ಸಲ ಕುಡಿದರು.